ಸೆರಗು ಬರುವ ಮೊದಲೇ ಮುಗಿದ ಹಾಡು

ಸೀರೆಗೆ ನಕ್ಷೆ ಬರೆಯುವವನಿಗೆ ಹಾಡು ಕಟ್ಟುವುದೇನು ಮಹಾ ಕೆಲಸ ಎಂದು ನಾನು ಮನಸಾರೆ ನಂಬಿದ್ದೆ. ಮೊಳಕಾಲ್ಮೂರಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ರೇಷ್ಮೆ ಸೀರೆಗಳ ಅಂಚು, ಮೈಮೇಲಿನ ಬುಟ್ಟಾ ಹೂ, ಸೆರಗುಗಳನ್ನು ಗ್ರಾಫ್ ಹಾಳೆಯ ಮೇಲೆ ಬರೆದುಕೊಡುವುದು ನನ್ನ ಉದ್ಯೋಗ. ನಾನು ಒಂದು ಚೌಕ ತಪ್ಪಿದರೆ ಮಗ್ಗದ ಮೇಲೆ ನವಿಲಿಗೆ ಮೂರು ಕಾಲು ಬರುತ್ತದೆ. ಇಷ್ಟು ವರ್ಷಗಳಲ್ಲಿ ಹಾಗಾಗಿದ್ದು ಒಂದೇ ಸಲ. ಆ ಸೀರೆಯನ್ನೂ ಯಾರೋ ಕೊಂಡರು.

ನನ್ನ ಇನ್ನೊಂದು ಉದ್ಯೋಗ ಗಿಟಾರ್. ಇದನ್ನು ಉದ್ಯೋಗ ಎಂದರೆ ಹೆಂಡತಿ ಸುಮಾ ನಗುತ್ತಾಳೆ. ಚಳ್ಳಕೆರೆಯಲ್ಲಿ ಕಾಲೇಜು ಓದುವಾಗ ಮೂವರು ಸೇರಿ ರಾಕ್ ಬ್ಯಾಂಡ್ ಕಟ್ಟಿದ್ದೆವು. ಡ್ರಮ್ಸ್ ಬಾರಿಸುವ ತಿಪ್ಪೇಸ್ವಾಮಿ ಈಗ ಚಳ್ಳಕೆರೆಯಲ್ಲೇ ಶೇಂಗಾ ವ್ಯಾಪಾರಿ. ಬೇಸ್ ಗಿಟಾರಿನ ಬಾಬು ರಾಂಪುರದಲ್ಲಿ ಶಾಲೆಯ ವ್ಯಾನ್ ಓಡಿಸುತ್ತಾನೆ, ಅರ್ಧ ಮಾತನ್ನು ತೆಲುಗಿನಲ್ಲಿ ಆಡುತ್ತಾನೆ. ಗಿಟಾರೂ ಹಾಡೂ ನನ್ನ ಪಾಲು. ಬೇರೆಯವರ ಹಾಡುಗಳನ್ನು ನುಡಿಸುತ್ತ ನುಡಿಸುತ್ತ ಮೂವರ ತಲೆಯೂ ನರೆಯಿತು, ಬಾಬುವಿನದು ಖಾಲಿಯೂ ಆಯಿತು. ನಮ್ಮದೇ ಅಂತ ಒಂದು ಹಾಡು ಮಾತ್ರ ಹುಟ್ಟಲಿಲ್ಲ. ಬ್ಯಾಂಡಿಗೆ ಹೆಸರೂ ಇಲ್ಲ. ಅದು ನುಡಿಸುತ್ತ ಇದ್ದರೆ ತಾನಾಗೇ ಹೊಳೆಯುತ್ತದೆ ಎಂದು ತಿಪ್ಪೇಸ್ವಾಮಿ ಹೇಳಿದ್ದ. ಇನ್ನೂ ಹೊಳೆದಿಲ್ಲ.

ಇಷ್ಟರಲ್ಲಿ ಮನೆಯ ಮುಂದಿನ ಕೋಣೆಯ ಪ್ರಶ್ನೆ ಎದ್ದಿತು. ಅಲ್ಲಿ ನನ್ನ ಗಿಟಾರ್, ಒಂದು ಸ್ಪೀಕರ್, ಒಂದು ಕುರ್ಚಿ ಇವೆ. ಸುಮಾ ಬ್ಲೌಸ್ ಹೊಲಿಯುತ್ತಾಳೆ. ಆದರೆ ಅವಳ ಹೊಲಿಗೆ ಮಿಷಿನ್ ಇರುವುದು ಅಡಿಗೆಮನೆಯ ಮೂಲೆಯಲ್ಲಿ. ಬ್ಲೌಸಿಗೆ ಒಗ್ಗರಣೆ ವಾಸನೆ ಬರುತ್ತದೆಂದು ಗಿರಾಕಿಗಳು ಗೊಣಗತೊಡಗಿದ್ದರು. ಅವಳ ಕಡೆ ನ್ಯಾಯವಿತ್ತು. ಅದು ನನಗೂ ಗೊತ್ತಿತ್ತು, ಅದಕ್ಕೇ ಸಿಟ್ಟು ಬರುತ್ತಿತ್ತು. ನಮ್ಮ ಕಾಲೇಜಿನ ಹಳೆಯ ವಿದ್ಯಾರ್ಥಿಗಳ ಸಮಾವೇಶಕ್ಕೆ ಎರಡು ತಿಂಗಳಿತ್ತು. ಅಲ್ಲಿ ನಮ್ಮ ಬ್ಯಾಂಡಿಗೂ ಹತ್ತು ನಿಮಿಷ ಕೊಟ್ಟಿದ್ದರು. ಸುಮಾ ಅದನ್ನೇ ಹಿಡಿದಳು.

"ಅವತ್ತು ನಿಮ್ದೇ ಒಂದು ಹಾಡು ಪೂರ್ತಿ ಹಾಡ್ರಿ. ಕೋಣೆ ನಿಮ್ದು, ಮತ್ತೆ ಕೇಳಂಗಿಲ್ಲ. ಇಲ್ಲಾಂದ್ರೆ ಗಿಟಾರ್ ಅಟ್ಟಕ್ಕೆ, ಮಿಷಿನ್ ಕೋಣೆಗೆ" ಎಂದಳು.

ಎರಡು ತಿಂಗಳಲ್ಲಿ ಒಂದೇ ಒಂದು ಹಾಡು! ನಾನು ಊಟದ ತಟ್ಟೆಯಿಂದ ಕೈ ಎತ್ತದೆಯೇ ಒಪ್ಪಿಕೊಂಡೆ.

ಮೊದಲು ತಿಪ್ಪೇಸ್ವಾಮಿಯ ದಾರಿ ಹಿಡಿದೆವು. ಅದಕ್ಕೆ ಜಾಮ್ ಎನ್ನುತ್ತಾರೆ. ಯಾರೂ ಏನನ್ನೂ ಯೋಚಿಸಿಕೊಂಡು ಬರಬಾರದು. ಒಬ್ಬ ಏನೋ ಶುರುಮಾಡಬೇಕು, ಉಳಿದವರು ಸೇರಿಕೊಳ್ಳಬೇಕು, ಹಾಡು ತಾನಾಗೇ ಹುಟ್ಟಬೇಕು. ಏನನ್ನೂ ಯೋಚಿಸದೆ ಬರುವುದರಲ್ಲಿ ನಮಗೆ ಒಳ್ಳೆಯ ಅಭ್ಯಾಸವಿತ್ತು. ಭಾನುವಾರಗಳಂದು ಗಿಟಾರನ್ನು ಬಸ್ಸಿನಲ್ಲಿ ಈರುಳ್ಳಿ ಚೀಲಗಳ ನಡುವೆ ನಿಲ್ಲಿಸಿಕೊಂಡು ಚಳ್ಳಕೆರೆಗೆ ಹೋಗುತ್ತಿದ್ದೆ. ತಿಪ್ಪೇಸ್ವಾಮಿಯ ಶೇಂಗಾ ಗೋದಾಮಿನಲ್ಲಿ ಮೂರು ತಾಸು ನುಡಿಸುತ್ತಿದ್ದೆವು. ಡ್ರಮ್ಸ್ ಜೋರಾದಾಗಲೆಲ್ಲ ತೊಲೆಗಳಿಂದ ಧೂಳು ಉದುರಿ ಮೂವರೂ ಸೀನುತ್ತಿದ್ದೆವು. ಸೀನು ಮಾತ್ರ ಒಂದೇ ತಾಳದಲ್ಲಿ ಬರುತ್ತಿತ್ತು.

ಮೂರನೆಯ ಭಾನುವಾರ ಒಂದು ಪವಾಡ ನಡೆಯಿತು. ಬಾಬುವಿನ ಬೆರಳಿಗೆ ಏನೋ ಸಿಕ್ಕಿತು, ನಾನು ಅದರ ಹಿಂದೆ ಹೋದೆ, ತಿಪ್ಪೇಸ್ವಾಮಿ ಮೊದಲ ಬಾರಿಗೆ ಮೆತ್ತಗೆ ಬಾರಿಸಿದ. ಹತ್ತು ನಿಮಿಷ ನಾವು ನಿಜವಾದ ಬ್ಯಾಂಡ್ ಆಗಿದ್ದೆವು. ನನಗೆ ಕಣ್ಣು ತುಂಬಿ ಬಂತು. ಮುಗಿದ ಮೇಲೆ ತಿಪ್ಪೇಸ್ವಾಮಿಯ ಮೊಬೈಲಿನಲ್ಲಿ ಮಾಡಿಕೊಂಡಿದ್ದ ರೆಕಾರ್ಡಿಂಗ್ ಹಾಕಿ ಕೇಳಿದೆವು. ಅರ್ಧ ನಿಮಿಷಕ್ಕೇ ತಿಪ್ಪೇಸ್ವಾಮಿಗೆ ಪರಶುರಾಂಪುರದಿಂದ ಯಾರೋ ಫೋನ್ ಮಾಡಿದ್ದರು. ರೆಕಾರ್ಡಿಂಗ್ ಅಲ್ಲಿಗೇ ನಿಂತುಹೋಗಿತ್ತು! ಕೂಡಲೇ ಮತ್ತೆ ನುಡಿಸಲು ಕೂತರೆ ಯಾರಿಗೂ ನೆನಪಿಲ್ಲ. ಮುಂದಿನ ಎರಡು ಭಾನುವಾರ ಅದನ್ನು ಹುಡುಕುವುದರಲ್ಲೇ ಕಳೆದವು.

"ಅದಿ ಪೋಯಿಂದಿರಾ. ಹೋಗಿದ್ದು ಹೋತು" ಎಂದು ಬಾಬು ಕೊನೆಗೆ ಗಿಟಾರ್ ಕೆಳಗಿಟ್ಟ.

ಆಗ ನಾನು ಘೋಷಣೆ ಮಾಡಿದೆ. ಹಾಡು ಎಂಬುದು ಒಬ್ಬನೇ, ಬಾಗಿಲು ಹಾಕಿಕೊಂಡು, ತಲೆ ಉಪಯೋಗಿಸಿ ಕಟ್ಟಬೇಕಾದ ವಸ್ತು. ನಕ್ಷೆಯಿಲ್ಲದೆ ಮಗ್ಗದಲ್ಲಿ ಒಂದು ಹೂವೂ ಏಳುವುದಿಲ್ಲ, ಹಾಡು ಹೇಗೆ ಎದ್ದೀತು? ಮುಂದಿನ ಕೋಣೆಯ ಬಾಗಿಲು ಹಾಕಿಕೊಂಡು ನಾಲ್ಕು ಗ್ರಾಫ್ ಹಾಳೆ ಅಂಟಿಸಿ ಕೂತೆ. ಒಂದು ಚೌಕಕ್ಕೆ ತಾಳದ ಒಂದು ಪೆಟ್ಟು. ಬೇಸ್ ಗಿಟಾರ್ ಅಂಚು, ಅದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ. ಸೀರೆಯ ಮೈ ಸರಳ, ಅಲ್ಲಿ ಹದಿನಾರು ಚೌಕಕ್ಕೊಂದು ಬುಟ್ಟಾ, ಅಂದರೆ ನನ್ನ ಗಿಟಾರಿನ ಒಂದೇ ಒಂದು ಸ್ವರ. ಬಣ್ಣವೆಲ್ಲ ಸೆರಗಿಗೆ. ಹಾಡಿನ ಮಾತು, ರಾಗ, ಡ್ರಮ್ಸಿನ ಅಬ್ಬರ, ಎಲ್ಲವನ್ನೂ ಕೊನೆಯ ಒಂದೂವರೆ ನಿಮಿಷಕ್ಕೆ ಕೂಡಿಟ್ಟೆ. ಒಟ್ಟು ಏಳು ನಿಮಿಷ. ಆ ಸೆರಗಿನ ಭಾಗವನ್ನು ಇಪ್ಪತ್ತು ದಿನ ಹಾಡಿ ಹಾಡಿ ತಿದ್ದಿದೆ. ಗೋಡೆಯಾಚೆ ಸುಮಾ ಪಾತ್ರೆಗಳನ್ನು ಸ್ವಲ್ಪ ಜೋರಾಗಿಯೇ ಇಡುತ್ತಿದ್ದಳು.

ಗೋದಾಮಿನಲ್ಲಿ ಹಾಳೆ ಬಿಚ್ಚಿದಾಗ ತಿಪ್ಪೇಸ್ವಾಮಿ ಅದನ್ನು ತಲೆಕೆಳಗಾಗಿ ಹಿಡಿದು ಬಹಳ ಹೊತ್ತು ನೋಡಿದ.

"ಲೇ, ಇದ್ರಾಗೆ ನಾನು ಯಾವಾಗ ಜೋರಾಗಿ ಬಾರಿಸ್ಬೇಕು?"

"ಐದೂವರೆ ನಿಮಿಷ ಆದ್ಮೇಲೆ."

"ಅಲ್ಲೀತಂಕ ಜನ ಕುಂತಿರ್ತಾರಾ?"

ಶೇಂಗಾ ವ್ಯಾಪಾರಿಗೆ ಕಲೆ ತಿಳಿಯುವುದಿಲ್ಲ ಎಂದುಕೊಂಡು ನಾನು ಹಾಳೆಯನ್ನು ನೆಟ್ಟಗೆ ತಿರುಗಿಸಿ ಅವನ ಕೈಗಿಟ್ಟೆ.

ಸಮಾವೇಶದ ದಿನ ನಮ್ಮ ಸರದಿ ಮಧ್ಯಾಹ್ನ ಊಟಕ್ಕೆ ಮುಂಚೆ ಬಂತು. ಸುಮಾ ಮೂರನೆಯ ಸಾಲಿನಲ್ಲಿದ್ದಳು. ನಾನು ಹಾಳೆಗಳನ್ನು ಸ್ಟ್ಯಾಂಡಿಗೆ ಕ್ಲಿಪ್ ಹಾಕಿ ಸನ್ನೆ ಮಾಡಿದೆ. ಬಾಬು ಅಂಚು ಶುರುಮಾಡಿದ. ಹದಿನಾರು ಚೌಕ, ಒಂದು ಬುಟ್ಟಾ. ಮತ್ತೆ ಹದಿನಾರು ಚೌಕ, ಮತ್ತೊಂದು ಬುಟ್ಟಾ. ಎಲ್ಲವೂ ನಕ್ಷೆಯ ಪ್ರಕಾರ ನಡೆಯುತ್ತಿತ್ತು. ಎರಡು ನಿಮಿಷವಾದಾಗ ಹಿಂದಿನ ಸಾಲಿನಿಂದ ಒಬ್ಬರು ಎದ್ದು, ಬೇಸ್ ಚೆನ್ನಾಗಿ ಕೇಳಿಸುತ್ತಿದೆ, ಗಿಟಾರ್ ಸ್ವಲ್ಪ ಜಾಸ್ತಿ ಮಾಡಿ ಎಂದು ಕೈ ಮೇಲೆ ಎತ್ತಿ ತೋರಿಸಿದರು. ಮೈಕಿನವನು ಜಾಸ್ತಿ ಮಾಡಿದ. ಮೂರು ನಿಮಿಷಕ್ಕೆ ಜನ ತಮ್ಮ ತಮ್ಮಲ್ಲೇ ಮಾತು ಶುರುಮಾಡಿದರು. ನಾನು ಚೌಕ ಎಣಿಸುತ್ತಿದ್ದೆ, ತಲೆ ಎತ್ತುವ ಹಾಗಿರಲಿಲ್ಲ. ಐದು ನಿಮಿಷ ದಾಟಿದ ಮೇಲೆ ನಿರೂಪಣೆ ಮಾಡುತ್ತಿದ್ದ ಮೇಷ್ಟ್ರು ಬಹಳ ಗೌರವದಿಂದ ನನ್ನ ಪಕ್ಕ ಬಂದು ನಿಂತು ಮೈಕ್ ಹಿಡಿದರು.

"ಸೌಂಡ್ ಚೆಕ್ ಚೆನ್ನಾಗಾತು. ಹಾಡನ್ನ ಊಟ ಆದ್ಮೇಲೆ ಕೇಳೋಣ. ಎಲೆ ಹಾಕಿದಾರೆ, ಎಲ್ರೂ ಬರ್ರಿ."

ಜೋರು ಚಪ್ಪಾಳೆ ಬಿತ್ತು. ಅದು ಎಲೆಗೆ ಬಿದ್ದ ಚಪ್ಪಾಳೆ. ಜನ ಎದ್ದು ನಡೆಯುತ್ತಿರುವಾಗಲೇ ಸೆರಗಿನ ಮೊದಲ ಚೌಕ ಬಂತು. ಐದೂವರೆ ನಿಮಿಷದಿಂದ ಕಾದಿದ್ದ ತಿಪ್ಪೇಸ್ವಾಮಿ ನಕ್ಷೆಗೆ ನಿಷ್ಠನಾಗಿ ಇದ್ದ ಶಕ್ತಿಯನ್ನೆಲ್ಲ ಹಾಕಿ ಬಾರಿಸಿದ. ಒಲೆಯ ಕಡೆ ಪಾತ್ರೆ ಬಿತ್ತೆಂದು ಇಬ್ಬರು ಆ ಕಡೆ ಓಡಿದರು. ಮೈಕ್ ಮೇಷ್ಟ್ರ ಕೈಯಲ್ಲೇ ಇತ್ತು, ಹಾಡು ನನ್ನ ಬಾಯಲ್ಲೇ ಉಳಿಯಿತು. ಊಟ ಮುಗಿಸಿ ಬಂದಾಗ ಮೈಕಿನವನು ವೈರು ಸುತ್ತುತ್ತಿದ್ದ.

ವಾಪಸ್ ಬಸ್ಸಿನಲ್ಲಿ ನಾನು ಹಿರೇಹಳ್ಳಿ ದಾಟುವವರೆಗೂ ಜನರನ್ನು ಬೈದೆ. ಈಗಿನವರಿಗೆ ತಾಳ್ಮೆಯಿಲ್ಲ, ರುಚಿಯಿಲ್ಲ, ಹೊಟ್ಟೆಯೊಂದೇ ಇರುವುದು ಎಂದೆ. ಸುಮಾ ಎಲ್ಲವನ್ನೂ ಕೇಳಿಸಿಕೊಂಡಳು. ಮದುವೆಗೆ ಮುಂಚೆ ಅವಳು ತನ್ನ ಅಪ್ಪನ ಸೀರೆ ಅಂಗಡಿಯಲ್ಲಿ ಗಿರಾಕಿಗಳಿಗೆ ಸೀರೆ ತೋರಿಸುತ್ತಿದ್ದವಳು.

"ಆರು ವರ್ಷ ಸೀರೆ ತೋರ್ಸಿದೀನಿ ನಾನು" ಎಂದಳು ಕೊನೆಗೆ. "ಒಂದಿನಾನೂ ಮೈ ಮೊದ್ಲು ತೋರ್ಸಿಲ್ಲ. ಸೆರಗು ಬಿಚ್ಚಿ ಹಾಕೋದು ಮೊದ್ಲು. ಅದು ಹಿಡಿಸಿದ್ರೆ ಉಳಿದಿದ್ದು ನೋಡ್ತಾರೆ. ಇಲ್ಲಾಂದ್ರೆ ಎದ್ದು ಹೋಗ್ತಾರೆ."

ಇಪ್ಪತ್ತೆರಡು ವರ್ಷ ಸೀರೆಗೆ ನಕ್ಷೆ ಬರೆದಿದ್ದೇನೆ. ಸೀರೆ ಮಾರುವುದನ್ನು ಒಮ್ಮೆಯೂ ನಿಂತು ನೋಡಿರಲಿಲ್ಲ. ನನಗೆ ತುಂಬ ದಣಿವಾಯಿತು.

ಮರುದಿನ ಗಿಟಾರನ್ನು ನಾನೇ ಅಟ್ಟಕ್ಕೆ ಏರಿಸಿದೆ. ಮಿಷಿನ್ ಕೋಣೆಗೆ ಬಂತು. ಹತ್ತು ದಿನ ಕಳೆದ ಮೇಲೆ ಒಂದು ಬೆಳಿಗ್ಗೆ ಕೋಣೆಯಿಂದ ಹಾಡು ಕೇಳಿಸಿತು. ನನ್ನ ಸೆರಗು! ಸುಮಾ ಗೋಡೆಯಾಚೆಯಿಂದಲೇ ಅದನ್ನು ಕಲಿತಿದ್ದಾಳೆ. ಮೈ, ಅಂಚು ಯಾವುದೂ ಇಲ್ಲ, ನೇರ ಸೆರಗಿನಿಂದಲೇ ಶುರುಮಾಡಿ, ಮಿಷಿನ್ ತುಳಿಯುವ ತಾಳಕ್ಕೆ ಹಾಡಿಕೊಳ್ಳುತ್ತಿದ್ದಾಳೆ. ಚೆನ್ನಾಗಿತ್ತು. ನಾನು ಕಟ್ಟಿದ್ದಕ್ಕಿಂತ ಚೆನ್ನಾಗಿತ್ತು, ಅದೇ ನನಗೆ ಚುಚ್ಚಿತು. ಆದರೆ ಎರಡನೆಯ ಸಾಲಿನಲ್ಲಿ ನಾಲ್ಕು ಚೌಕ ತಿಂದುಬಿಟ್ಟಿದ್ದಳು. ತಿದ್ದಲೇಬೇಕೆಂದು ಹಾಳೆಗಳನ್ನು ಹಿಡಿದು ಒಳಗೆ ಹೋದೆ.

ಅವಳು ಹಾಡು ನಿಲ್ಲಿಸಿ ಹಾಳೆಗಳನ್ನು ಕೈಗೆ ತೆಗೆದುಕೊಂಡಳು. ಬೆರಳಿನಲ್ಲಿ ಸವರಿ, ಬೆಳಕಿಗೆ ಹಿಡಿದು ನೋಡಿದಳು. ನನ್ನ ಎದೆ ಸ್ವಲ್ಪ ಉಬ್ಬಿತು.

"ಕಾಗ್ದ ಗಟ್ಟಿ ಐತೆ. ಇಂಥದ್ದೇ ಹುಡುಕ್ತಿದ್ದೆ" ಎಂದು ಅದನ್ನು ಮೇಜಿನ ಮೇಲೆ ಹರಡಿ, ಸೀಮೆಸುಣ್ಣದಿಂದ ಗೆರೆ ಎಳೆದು, ಬ್ಲೌಸಿನ ತೋಳಿಗೆ ಅಳತೆಯ ಮಾದರಿಯಾಗಿ ಕತ್ತರಿಸಿಕೊಂಡಳು.

ಮೊನ್ನೆ ಕೊಂಡ್ಲಹಳ್ಳಿಯಿಂದ ಬಂದಿದ್ದ ಗಿರಾಕಿಯೊಬ್ಬರು ತೋಳು ಬಹಳ ಚೆನ್ನಾಗಿ ಕೂತಿದೆ ಎಂದು ಹೊಗಳಿ ಹೋದರು. ನನ್ನ ಹಾಡಿಗೆ ಇದುವರೆಗೆ ಬಂದಿರುವ ಮೆಚ್ಚುಗೆ ಅದೊಂದೇ.