ದೇವರ ಕೋಣೆಯ ಈಜಿಪ್ಟಿನವನು

ಇದು ನಡೆದದ್ದು ೧೯೯೮ರ ಚಳಿಗಾಲದಲ್ಲಿ.

ಹಳೆಯ ಕಲ್ಲುಗಳನ್ನು ಓದಹೊರಟವರಿಗೆ ಇಂಥ ಪ್ರಸಂಗಗಳು ತಪ್ಪುವುದಿಲ್ಲ. ನಗಬೇಕೋ ಹೆದರಬೇಕೋ ಎಂಬುದು ಮಾತ್ರ ಆ ಹೊತ್ತಿಗೆ ತಿಳಿಯುವುದಿಲ್ಲ.

೧. ಸ್ನಾನ

ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಒಂದು ಮನೆಯ ದೇವರ ಕೋಣೆಯಲ್ಲಿ ಈಜಿಪ್ಟಿನ ಕೆತ್ತನೆಯ ಕಲ್ಲೊಂದಿತ್ತು. ಹತ್ತಿ ವ್ಯಾಪಾರಕ್ಕೆಂದು ಅಲ್ಲಿಗೆ ಹೋಗಿದ್ದ ಹಿರಿಯರು ತಂದದ್ದು. ಮನೆಯ ಯಜಮಾನಿ ಅದನ್ನು ನಲವತ್ತು ವರ್ಷ ಪೂಜಿಸಿದ್ದರು. ಅದು ಗೋರಿಯ ಕಲ್ಲಾಗಿದ್ದರೆ ಹರಿಹರದ ಹೊಳೆಗೆ ಬಿಡುವುದೆಂದು ಅವರ ಮಗ ತೀರ್ಮಾನಿಸಿ, ನಿವೃತ್ತ ಇತಿಹಾಸ ಅಧ್ಯಾಪಕಿಯಾದ ನನ್ನನ್ನು ಕರೆಸಿದರು. ನನ್ನ ಹಳೆಯ ಶಿಷ್ಯ, ಈಗ ಉಪನ್ಯಾಸಕ, ಫ್ಲಾಪಿಯಲ್ಲಿ ಚಿತ್ರ ಉಳಿಸುವ ಡಿಜಿಟಲ್ ಕ್ಯಾಮೆರಾ ತಂದ.

ಕೆತ್ತನೆಯ ಗೀರುಗಳಲ್ಲೆಲ್ಲ ವಿಭೂತಿ ಗಟ್ಟಿಯಾಗಿತ್ತು. ತೊಳೆಯಬೇಕೆಂದೆ.

“ಸ್ನಾನ ಸೋಮವಾರ ಅಷ್ಟೇ ರೀ,” ಎಂದರು ಯಜಮಾನಿ.

ಸೋಮವಾರ ಹೋದೆವು. ಸ್ನಾನವಾಯಿತು. ಶಿಷ್ಯ ಕ್ಯಾಮೆರಾ ಎತ್ತುತ್ತಲೇ ಅವರು ಅಡ್ಡ ನಿಂತರು.

“ಬರೀ ಹಣೆಯಾಗೆ ಫೋಟೋ ತೆಗೀತಾರೇನಪ್ಪಾ?”

ವಿಭೂತಿ ಹಚ್ಚಿದರೆ ಕೆತ್ತನೆ ಮುಚ್ಚುತ್ತದೆಂದು ವಿವರಿಸಿದೆ. ಅವರು ಯೋಚಿಸಿದರು.

“ಇಬ್ಬರಾಗ ಒಬ್ಬರ ಹಣೆ ಮ್ಯಾಲಾದ್ರೂ ಇರಲಿ,” ಎಂದು ಶಿಷ್ಯನ ಹಣೆಗೆ ಮೂರು ಬೆರಳು ವಿಭೂತಿ ಎಳೆದರು.

೨. ಕಣ್ಣು

ಟಾರ್ಚನ್ನು ಒಂದೊಂದು ಪಕ್ಕದಿಂದ ಓರೆಯಾಗಿ ಹಿಡಿದು ತೆಗೆದ ಚಿತ್ರಗಳವು. ಹರಿಹರದಲ್ಲಿ ಶಿಷ್ಯನ ಮನೆಯ ಕಂಪ್ಯೂಟರಿನಲ್ಲಿ ನೋಡಿದೆವು. ಎಡದ ಬೆಳಕಿನಲ್ಲಿ ಬರಿಯ ಕಲ್ಲು. ಮೇಲಿನ ಬೆಳಕಿನಲ್ಲಿ ಒಂದು ಮೊಣಕಾಲು. ಬಲದ ಬೆಳಕಿನಲ್ಲಿ, ಅದುವರೆಗೆ ಯಾರ ಕಣ್ಣಿಗೂ ಬೀಳದವನೊಬ್ಬ ಕುಳಿತಿದ್ದ. ಮುಖ ಪಕ್ಕಕ್ಕೆ, ಕಣ್ಣು ಪೂರ್ತಿ ನಮ್ಮತ್ತ. ನಾನು ಸರಿದು ಕುಳಿತೆ. ಕಣ್ಣೂ ಜೊತೆಗೆ ಬಂತು.

ಶಿಷ್ಯ ಕುರ್ಚಿಯನ್ನು ಹಿಂದಕ್ಕೆಳೆದುಕೊಂಡ. “ಮೇಡಂ, ಪರೀಕ್ಷೆ ಹಾಲ್‌ನಾಗೆ ನೀವೂ ಹಿಂಗೇ ನೋಡ್ತಿದ್ರಿ. ಮುಖ ಬೋರ್ಡ್ ಕಡೆ, ಕಣ್ಣು ನಮ್ ಕಡೆ.”

ಮುಖ ತಿರುಗಿಸದೆಯೇ ಅವನನ್ನು ನೋಡಿದೆ. ಅವನು ಕುರ್ಚಿಯನ್ನು ಮತ್ತೆ ಮುಂದಕ್ಕೆಳೆದುಕೊಂಡ.

೩. ಕೋರಿಕೆ

ಚಿತ್ರಗಳನ್ನು ಕಲ್ಲಿನ ಮೇಲಿದ್ದ ಈಜಿಪ್ಟಿನ ಲಿಪಿ ಬಲ್ಲ ವಿದ್ವಾಂಸರೊಬ್ಬರಿಗೆ ಕಳುಹಿಸಿದೆವು. ಬಂದ ಉತ್ತರವನ್ನು ದೇವರ ಕೋಣೆಯ ಬಾಗಿಲಲ್ಲಿ ಓದಿದೆ. ಗೋರಿಯ ಕಲ್ಲೇ. ಮಗ ಎದ್ದು ಗೋಣಿಚೀಲ ತಂದರು. ಯಜಮಾನಿ ಕಲ್ಲಿನ ಮೇಲಿಟ್ಟ ಕೈ ತೆಗೆಯಲಿಲ್ಲ.

“ಸ್ವಾಮಿಗಳನ್ನ ಹೂಳಿದ ಗದ್ದಿಗೆಗೆ ನಾವು ಕೈ ಮುಗಿಯಲ್ಲೇನೋ?”

“ಅವು ನಮ್ಮೋರವು, ಅವ್ವಾ. ಇವನ್ಯಾರೋ.”

ನಾನು ಮುಂದಿನ ಸಾಲನ್ನೂ ಓದಿದೆ: ಸತ್ತವನು ತನ್ನೆದುರು ಹಾಯುವ ಜೀವಂತರನ್ನು ರೊಟ್ಟಿ ಮತ್ತು ಬೀರ್ ಬೇಡುತ್ತಿದ್ದಾನೆ.

ಯಜಮಾನಿ ಮಗನ ಮುಖ ನೋಡಿದರು.

“ನಾ ಮದುವೆಯಾಗಿ ಬಂದ ದಿನಾನೇ ನಮ್ಮತ್ತೆ ಹೇಳಿದ್ರು, ದಿನಾ ಮೊದಲ ರೊಟ್ಟಿ ಈ ಕಲ್ಲಿಗೆ ಇಡು ಅಂತ. ಯಾಕೆ ಅಂತ ಅವರಿಗೂ ಗೊತ್ತಿರಲಿಲ್ಲ. ಯಾರೋ ಅವರ ಕನಸಿನಾಗೆ ಬಂದು ಕೇಳಿದ್ರಂತೆ.” ಅನಂತರ ಕಲ್ಲಿನತ್ತ ತಿರುಗಿದರು. “ಬೀರ್ ಮಾತ್ರ ಈ ಮನೆಯಾಗೆ ನಡೆಯಲ್ಲಪ್ಪಾ. ಮಜ್ಜಿಗೆ ಕುಡಿ.”

ಮಗನ ದನಿ ತಗ್ಗಿತು. “ಮೇಡಂ, ಕೊಡದಿದ್ರೆ ಏನಾಗುತ್ತೆ ಅಂತ ಬರೆದೈತೇನ್ರಿ?”

“ಆ ಸಾಲಿನಲ್ಲಿ ಕಲ್ಲು ಒಡೆದಿದೆ,” ಎಂದೆ.

ಅವರು ಚೀಲವನ್ನು ನೀಟಾಗಿ ಮಡಚಿಟ್ಟು, ಅಡುಗೆಮನೆಗೆ ಹೋಗಿ ಎರಡು ರೊಟ್ಟಿ ತಂದರು.

ಅಂದು ಹಾಜರಿದ್ದವರು: ಯಜಮಾನಿ ಗಂಗಮ್ಮ, ಅವರ ಮಗ ಶಿವಣ್ಣ, ನನ್ನ ಶಿಷ್ಯ ಮಂಜುನಾಥ, ನಾನು. ಐದನೆಯವರ ಹೆಸರನ್ನು ವಿದ್ವಾಂಸರಿಗೂ ಓದಲಾಗಲಿಲ್ಲ.