ಅತ್ತೆಯ ಬಚ್ಚಲು ತಪಾಸಣೆ

ನಮ್ಮ ಸೋದರತ್ತೆಯ ಪ್ರಕಾರ ಮನೆ ಎಂದರೆ ಬಚ್ಚಲುಮನೆ. ಉಳಿದದ್ದೆಲ್ಲ ಅದಕ್ಕೆ ಅಂಟಿಕೊಂಡಿರುವ ಜಗಲಿ!

ನಂಬುವುದಿಲ್ಲವೆ? ಹೆಣ್ಣು ಕೊಡುವ ಮೊದಲು ಹುಡುಗನ ಮನೆ ನೋಡಲು ಹೋಗುತ್ತೇವಲ್ಲ, ಆಗ ಎಲ್ಲರೂ ತೋಟ, ಕಾರು, ಬೋರ್‌ವೆಲ್ ವಿಚಾರಿಸುತ್ತಾರೆ. ಗುಬ್ಬಿಯ ನಮ್ಮತ್ತೆ ಮಾತ್ರ ಕಾಫಿ ಲೋಟ ಕೆಳಗಿಟ್ಟು, "ಬಚ್ಚಲು ಎಲ್ಲೈತಮ್ಮ?" ಎನ್ನುತ್ತಾರೆ. ಮನೆತನಕ್ಕೆ ಹಿರಿಯರು ಅವರೇ. ಅವರು ತಲೆಯಾಡಿಸದೆ ನಮ್ಮಲ್ಲಿ ಯಾವ ಸಂಬಂಧವೂ ಕುದುರುವುದಿಲ್ಲ.

ಬೆಳ್ಳಾವಿಯಲ್ಲಿ ಒಂದು ಹೊಸ ಮನೆ. ಬಚ್ಚಲಿಗೆ ಗಾಜಿನ ಬಾಗಿಲು. ಯಜಮಾನರು ಹೆಮ್ಮೆಯಿಂದ ತೆರೆದು ತೋರಿಸಿದರು. ಅತ್ತೆ ಗಾಜಿನ ಆಚೆ ನಿಂತಿದ್ದ ನನ್ನನ್ನೇ ನೋಡುತ್ತಾ, "ಇದೇನ್ಲಾ, ಬಚ್ಚಲೋ, ಸ್ವೀಟ್ ಅಂಗಡಿ ಶೋಕೇಸೋ?" ಎಂದರು. ಆ ಸಂಬಂಧ ಅಲ್ಲಿಗೇ ಮುಗಿಯಿತು.

ತುಮಕೂರಿನ ಇನ್ನೊಂದು ಮನೆಯಲ್ಲಿ ನನ್ನನ್ನು ಹೊರಗೆ ಕಾವಲು ನಿಲ್ಲಿಸಿ, ಒಳಗೆ ಬಾಗಿಲು ಹಾಕಿಕೊಂಡು ನಲ್ಲಿ ತಿರುಗಿಸಿದರು. ಸ್ವಲ್ಪ ಹೊತ್ತಿಗೆ, ನೆಗಡಿಯಾದವರ ಹಾಗೆ ಮೂಗೆಳೆದ ಸದ್ದು.

"ಕೇಳಿಸ್ತೇನ್ಲಾ?"

"ಕೇಳಿಸ್ತು ಅತ್ತೆ."

"ಹಂಗಾರೆ ನೀರು ಜೋರಾಗಿ ಬೀಳ್ತಿಲ್ಲ. ಇದು ಆಗಾಕಿಲ್ಲ ಬುಡು."

ಇದು ಕಿವಿಗೆ ಬಿದ್ದದ್ದೇ ಮನೆಯವರು ಗಾಬರಿಯಾಗಿ "ಮೋಟಾರ್ ಹಾಕ್ರೋ!" ಎಂದು ಕೂಗಿದರು. ನಾವು ಹೊರಡುವಾಗ ಟ್ಯಾಂಕ್ ತುಂಬಿ ಮೆಟ್ಟಿಲ ಮೇಲೆ ಧಾರಾಳವಾಗಿ ನೀರು ಹರಿಯುತ್ತಿತ್ತು. ಅತ್ತೆ ಸೀರೆ ಎತ್ತಿಕೊಂಡು ಇಳಿದರೇ ಹೊರತು ತೀರ್ಪು ಬದಲಿಸಲಿಲ್ಲ!

ಇಂಥವರನ್ನು ಕರೆದುಕೊಂಡು ನನ್ನ ಮಗಳಿಗಾಗಿ ಕುಣಿಗಲ್‌ಗೆ ಹೋಗಬೇಕಾಯಿತು. ಹುಡುಗನೂ ಅವಳೂ ಮೊದಲೇ ಪರಸ್ಪರ ಒಪ್ಪಿದ್ದರು. ಕಾರಿನಲ್ಲಿ ಅವಳು ಕೈ ಮುಗಿದಳು. "ಅಜ್ಜಿ, ನನ್ನ ಮದ್ವೆಗೆ ಮಾತ್ರ ಬಚ್ಚಲು ಬಿಟ್ಬಿಡು."

"ನಾನೇನ್ ಹುಚ್ಚೀನೇನೇ?" ಎಂದರು ಅತ್ತೆ.

ಉಪ್ಪಿಟ್ಟು, ಕೇಸರಿಬಾತ್ ಆಯಿತು. "ಕೈ ತೊಳ್ಕೊಂಡ್ ಬತ್ತೀನಿ" ಎಂದು ಎದ್ದವರು ತಿರುಗಿ ಬಂದದ್ದು ಮುಖ ಗಂಟು ಹಾಕಿಕೊಂಡು. "ಬಾಗ್ಲಿಗೆ ಒಳಗಡೆ ಚಿಲ್ಕಾನೇ ಇಲ್ಲ."

ಹುಡುಗನ ತಂದೆ ನಕ್ಕರು. "ನಮ್ಮಮ್ಮ ಇದ್ದಾಗ, ವಯಸ್ಸಾದೋರು ಒಳಗೆ ಜಾರಿ ಬಿದ್ದಾರು ಅಂತ ತೆಗೆಸಿದ್ದು. ಇರೋರು ನಾವ್ ನಾವೇ, ಆಮೇಲೆ ಹಾಕ್ಸಲೇ ಇಲ್ಲ."

"ಹಂಗಾರೆ ಈ ಮನೆ ಬ್ಯಾಡ ಕಣೋ" ಎಂದು ಅತ್ತೆ ನನ್ನ ಕಡೆ ತಿರುಗಿದರು.

ಮಗಳ ಕಣ್ಣು ತುಂಬಿತು. ನನಗೂ ತಡೆಯಲಾಗಲಿಲ್ಲ. "ಒಂದು ಚಿಲಕಕ್ಕೆ ಮಗು ಮದುವೆ ಮುರೀತೀರಾ ಅತ್ತೆ?"

ಅವರು ನಿಧಾನವಾಗಿ ಹೇಳಿದರು: "ಎಷ್ಟೇ ಒಳ್ಳೇ ಮನೆ ಆಗ್ಲಿ, ಹೊಸದಾಗಿ ಬಂದ ಹೆಣ್ಣಿಗೆ ಒಂದಿನ ಅಳು ಬರ್ತದೆ ಕಣೋ. ಅಡುಗೆಮನೇಲಿ ಅತ್ತೆ ಇರ್ತಾಳೆ, ರೂಮಲ್ಲಿ ಗಂಡ ಇರ್ತಾನೆ. ಅವಳು ಎಲ್ಲಿಗ್ ಹೋಗ್ಬೇಕು? ಚಿಲ್ಕ ಹಾಕ್ಕೊಂಡು, ನಲ್ಲಿ ಬಿಟ್ಕೊಂಡು ಅತ್ತು, ಮುಖ ತೊಳ್ಕೊಂಡು ಆಚೆ ಬರೋಕೆ ಒಂದ್ ಜಾಗ ಬ್ಯಾಡ್ವಾ? ನಾನು ಹೋದ ಮನೇಲಿ ಬಚ್ಚಲಿಗೆ ಅಡ್ಡ ಇದ್ದಿದ್ದು ಒಂದು ಗೋಣಿತಾಟು."

ಹುಡುಗ ಎದ್ದು ಗೋಡೆಯ ಮೊಳೆಯಿಂದ ಬೈಕಿನ ಕೀ ತೆಗೆದುಕೊಂಡ. "ಹಾರ್ಡ್‌ವೇರ್ ಅಂಗಡಿ ತೆಗ್ದಿರುತ್ತೆ ಅಜ್ಜಿ, ಈಗ್ಲೇ ಬಂದೆ" ಎಂದು ಹೊರಟ.

ಅಷ್ಟು ಹೊತ್ತೂ ಅಡುಗೆಮನೆಯ ಬಾಗಿಲಲ್ಲಿ ಸುಮ್ಮನೆ ನಿಂತಿದ್ದ ಅವನ ತಾಯಿ ಬಂದು ಅತ್ತೆಯ ಪಕ್ಕ ಕುಳಿತರು.

"ನಾನು ಈರುಳ್ಳಿ ಹೆಚ್ತಿದ್ದೆ ಅಕ್ಕ" ಎಂದರು.

ಅತ್ತೆ ಅವರ ಕೈ ಹಿಡಿದುಕೊಂಡರು.

ಹುಡುಗನ ತಂದೆ ಹೆಂಡತಿಯ ಮುಖವನ್ನೇ ನೋಡುತ್ತಿದ್ದರು. "ನಿಂಗೆ ಈರುಳ್ಳಿ ಇಷ್ಟ ಅಂದ್ಕೊಂಡು ನಾನು ಮೂಟೆಗಟ್ಲೆ ತಂದ್ ಹಾಕ್ತಿದ್ನಲ್ಲೇ" ಎಂದರು.