ಲಟ್ ಅನ್ನುವ ಮೊಣಕಾಲುಗಳ ಸಂಗಡ

ನನ್ನ ಹತ್ತಿರ ನಗಲಿಕ್ಕೆಂದು ಯಾರೂ ಬರುವುದಿಲ್ಲ. ಮೊಣಕಾಲು ಹಿಡಿದುಕೊಂಡು, ಗೋಡೆ ಹಿಡಿದುಕೊಂಡು, ಕಡೆಗೆ ಮಕ್ಕಳ ಹೆಗಲು ಹಿಡಿದುಕೊಂಡು ಬರುತ್ತಾರೆ. ಆದರೂ ಈ ಫಿಸಿಯೋಥೆರಪಿ ಕೆಲಸ ಹಿಡಿದಾಗಿನಿಂದ ನೋಡುತ್ತಿದ್ದೇನೆ, ಅಳಬೇಕಾದ ಜಾಗದಲ್ಲೇ ಒಂದಿಲ್ಲೊಂದು ನಗೆಯ ಮಾತು ಬಂದು ಕೂತುಬಿಡುತ್ತದೆ. ಕಲಬುರಗಿಯ ಸೂಪರ್ ಮಾರ್ಕೆಟ್ ಹಿಂದಿನ ಓಣಿಯಲ್ಲಿ ನನ್ನದೊಂದು ಸಣ್ಣ ದವಾಖಾನೆ. ಮಂಗಳವಾರ ಮಾತ್ರ ಕಮಲಾಪುರಕ್ಕೆ ಹೋಗಿ ಅಲ್ಲಿಯವರನ್ನು ನೋಡಿ ಬರುತ್ತೇನೆ.

ಸಪ್ಪಳ ಯಾರದು?

ಬ್ಯಾಂಕಿನಿಂದ ನಿವೃತ್ತರಾದವರೊಬ್ಬರು ಬಂದಿದ್ದರು. ಕೂತು ಏಳುವಾಗ ಮೊಣಕಾಲು ಲಟ್ ಅನ್ನುತ್ತದೆ ಎಂಬುದು ಅವರ ದೂರು. ನೋವಿಲ್ಲ, ಬಾವಿಲ್ಲ, ಬರೀ ಸಪ್ಪಳ. ಆದರೆ ಅವರ ತಾಯಿಗೂ ಹೀಗೇ ಸಪ್ಪಳದಿಂದ ಶುರುವಾಗಿತ್ತಂತೆ. ಕಡೆಗಾಲದಲ್ಲಿ ಆಕೆ ಹಾಸಿಗೆ ಬಿಟ್ಟು ಏಳಲೇ ಇಲ್ಲ. ಬೆನ್ನೆಲ್ಲ ಹುಣ್ಣಾಗಿ ತೀರಿಕೊಂಡರು. ಅದನ್ನು ಕಣ್ಣಾರೆ ಕಂಡ ಮಗ, ತನ್ನ ಮೊಣಕಾಲು ಸವೆಯದಿರಲಿ ಎಂದು ನಡೆಯುವುದನ್ನೇ ಬಿಟ್ಟಿದ್ದರು. ತೊಡೆಗಳು ಸೊರಗಿ ಕಟ್ಟಿಗೆಯಾಗಿದ್ದವು.

ನೋವಿಲ್ಲದ ಸಪ್ಪಳಕ್ಕೆ ಅಂಜಬೇಕಾಗಿಲ್ಲ, ಬೆರಳು ಲಟಿಕೆ ಮುರಿದ ಹಾಗೆ ಅದು ಎಂದು ತಿಳಿಸಿ ಹೇಳಿದೆ. ಕೀಲನ್ನು ಕಾಯುವುದು ತೊಡೆಯ ಸ್ನಾಯು, ಅದನ್ನು ಕೂತಲ್ಲೇ ಕೊಲ್ಲಬೇಡಿ ಎಂದೆ. ಅವರು ಒಪ್ಪಲಿಲ್ಲ. ಸರಿ, ಮಾಡಿಯೇ ತೋರಿಸೋಣವೆಂದು ಇಬ್ಬರೂ ಒಂದೊಂದು ಕುರ್ಚಿಯ ಬೆನ್ನು ಹಿಡಿದು ನಿಂತೆವು. ಪೂರ್ತಿ ಕುಕ್ಕರಗಾಲಿಗೆ ಇಳಿಯಬಾರದು, ಅರ್ಧ ಬಗ್ಗಿದರೆ ಸಾಕು ಎನ್ನುತ್ತ ಬಗ್ಗಿದೆ. ಲಟ್ ಎಂದಿತು.

ಅವರ ಮುಖದ ಬಣ್ಣವೇ ಹೋಯಿತು. "ಮುರೀತ್ರಿ," ಅಂದರು.

"ಅಂಜಬ್ಯಾಡ್ರಿ, ಅದು ನಂದು," ಅಂದೆ.

ಅವರು ತಮ್ಮ ಕುರ್ಚಿಯನ್ನು ನನ್ನ ಕಡೆ ಸರಿಸಿ, ಭಾಳ ಮರ್ಯಾದೆಯಿಂದ ಕೇಳಿದರು: "ನೀವು ಯಾರ ಕಡೆ ತೋರಸ್ತೀರಿ ಮೇಡಂ?"

ಮಾಳಿಗೆಯ ಮೇಲಿನ ಜಿಗಿತ

ಶರಣಸಿರಸಗಿಯ ಹೊಸ ಬಡಾವಣೆಯಿಂದ ಒಬ್ಬ ಹೆಣ್ಣುಮಗಳು ಬಂದಳು. ಗಂಡ ಚಹಾ ಕುಡಿಯುತ್ತ ಕೂತಲ್ಲೇ ಎದೆ ಹಿಡಿದುಕೊಂಡು ಹೋಗಿಬಿಟ್ಟಿದ್ದ. ತನಗೂ ಹಾಗಾದರೆ ಮಕ್ಕಳ ಗತಿಯೇನು ಎಂಬ ಭಯ ಆಕೆಯನ್ನು ಹಿಡಿದಿತ್ತು. ಮುಂಜಾನೆ ಎದ್ದವಳೇ ಮಾಳಿಗೆ ಹತ್ತಿ, ಬರಿಗಾಲಲ್ಲಿ, ಮೈ ಬಿಸಿ ಮಾಡಿಕೊಳ್ಳದೆ, ಗಟ್ಟಿ ಕಾಂಕ್ರೀಟಿನ ಮೇಲೆ ಹಗ್ಗ ಜಿಗಿಯುತ್ತಿದ್ದಳು. ಎರಡೂ ಮೊಣಕಾಲು ಬಾತಿದ್ದವು. ಸಪ್ಪಳದ ಜೊತೆ ಬಾವು, ನೋವು ಬಂತೆಂದರೆ ಅದು ಬೇರೆ ಮಾತು. ಜಿಗಿತ ನಿಲ್ಲಿಸು ಎಂದೆ.

ನಿಲ್ಲಿಸಬೇಕಾದದ್ದು ಇನ್ನೊಂದಿತ್ತು. ಕೆಳಗಿನ ಕೋಣೆಯಲ್ಲಿ ಮಲಗಿರುತ್ತಿದ್ದ ಅತ್ತೆಗೆ ತಲೆಯ ಮೇಲೆ ಧಪ್ ಧಪ್ ಕೇಳುತ್ತಿತ್ತು. ಮಗ ಸತ್ತು ವರ್ಷ ತುಂಬಿಲ್ಲ, ಸೊಸೆ ಮಾಳಿಗೆ ಮೇಲೆ ಕುಣಿಯುತ್ತಾಳೆ ಎಂದು ಓಣಿಯ ತುಂಬ ಹೇಳಿಕೊಂಡು ಬಂದಿದ್ದರು. ಮನೆಯಲ್ಲಿ ಇಬ್ಬರಿಗೂ ಮಾತು ನಿಂತಿತ್ತು.

ಮುಂದಿನ ಸಲ ಅತ್ತೆಯನ್ನೂ ಕರೆಸಿದೆ. ಸೊಸೆ ಕುಣಿಯುತ್ತಿರಲಿಲ್ಲ, ಸಾಯಬಾರದೆಂದು ಒದ್ದಾಡುತ್ತಿದ್ದಳು ಎಂದು ಹೇಳಿದೆ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೂತರು. ನಾನು ಸೊಸೆಗೆ ಬಾವು ಇಳಿಯುವವರೆಗೆ ಏನು ಮಾಡಬೇಕು, ಆಮೇಲೆ ನಿಧಾನಕ್ಕೆ ನಡಿಗೆ ಹೇಗೆ ಶುರು ಮಾಡಬೇಕು ಎಂದು ತೋರಿಸುತ್ತಿದ್ದೆ. ಅಷ್ಟರಲ್ಲಿ ಅತ್ತೆ ಬಾಯಿ ತೆರೆದರು.

"ನನಗೂ ಕಲಸ್ರಿ. ಮಗಾ ಅಂತೂ ಹೋದ. ಇನ್ನ ಜಗಳಾಡಾಕ ಇಬ್ಬರೇ ಉಳದೀವಿ, ಗಟ್ಟಿ ಇರಬೇಕಲ್ರೀ."

ಸೊಸೆ ನಕ್ಕಳು, ಗಂಡ ಹೋದ ಮೇಲೆ ಮೊದಲ ಸಲವಂತೆ. ಆಮೇಲೆ ಇಬ್ಬರೂ ಅತ್ತರು. ಹೊರಗೆ ಕೂತ ಪೇಶಂಟ್ ಒಬ್ಬರು ಒಳಗೆ ಭಾಳ ನೋವಿನ ಚಿಕಿತ್ಸೆ ನಡೆದಿದೆ ಎಂದುಕೊಂಡು ಎದ್ದು ಹೋದರು.

ಕೂಡುವ ಚಿಂತೆ

ಕಮಲಾಪುರದಲ್ಲಿ ಕೆಂಪು ಬಾಳೆಹಣ್ಣಿನ ವ್ಯಾಪಾರ ಮಾಡಿ, ಈಗ ಮಗನಿಗೆ ಬಿಟ್ಟುಕೊಟ್ಟ ಹಿರಿಯರೊಬ್ಬರು ಒಂದು ಮಂಗಳವಾರ ಬಂದರು. ಕೀಲು ಸವೆದು ಮೊಣಕಾಲು ಬಿಗಿದುಬಿಟ್ಟಿದ್ದವು. ನಡಿಗೆ ಸುಧಾರಿಸೋಣ ಎಂದರೆ ಕೈ ಅಲ್ಲಾಡಿಸಿದರು. "ನಡದದ್ದು ಸಾಕಾಗೇದ. ನನಗ ಚಕ್ಕಳಮಕ್ಕಳ ಹಾಕಿ ಕುಂದ್ರಾಕ ಬರಬೇಕು."

ಪೂಜೆಗೋ, ಊಟಕ್ಕೋ ಎಂದು ಕೇಳಿದೆ. ಎರಡೂ ಅಲ್ಲ ಎಂದರು. ಅವರು ಲಿಂಗಾಯತರು. ಸತ್ತವರನ್ನು ಕಾಲು ಮಡಚಿ ಕೂಡಿಸಿ ಮಣ್ಣು ಮಾಡುವ ಪದ್ಧತಿ. ಹಿಂದಿನ ಬೇಸಿಗೆಯಲ್ಲಿ ಅವರ ಅಣ್ಣ ತೀರಿಕೊಂಡಾಗ, ಆ ಅಣ್ಣನ ಕಾಲುಗಳೂ ಹೀಗೇ ಬಿಗಿದಿದ್ದವು. ನಾಲ್ಕು ಜನ ಸೇರಿ ಒತ್ತಿದರಂತೆ.

"ಲಟ್ ಅಂತು," ಅಂದರು ಗೋಡೆ ನೋಡುತ್ತ. "ಎಲ್ಲಾರೂ ಕೇಳಿದ್ರು. ನಮ್ಮ ಅತ್ತಿಗಿ ಕಿವಿ ಮುಚ್ಚಿಕೊಂಡಳು. ನನ್ನ ಹೆಂಡತಿ ಆ ಸಪ್ಪಳ ಕೇಳಬಾರದ್ರಿ."

ಸವೆದ ಕೀಲು ಹೊಸದಾಗುವುದಿಲ್ಲ, ಬಿಗಿತ ಒಂದಿಷ್ಟು ಸಡಿಲಾದೀತು ಎಂದು ಇದ್ದದ್ದನ್ನೇ ಹೇಳಿದೆ. ಮೊದಲು ಬಿಸಿ ಶಾಖ, ಮಲಗಿ ಹಿಮ್ಮಡಿ ಜಾರಿಸುವುದು, ಮೊಣಕಾಲಿನ ಕೆಳಗೆ ಟವೆಲ್ ಸುರುಳಿಯಿಟ್ಟು ತೊಡೆ ಬಿಗಿ ಮಾಡುವುದು. ನೋವು ಹೆಚ್ಚಾದರೆ ಅಲ್ಲಿಗೇ ನಿಲ್ಲಿಸಬೇಕು. ಅವರಿಗೋ ಗಡಿಬಿಡಿ. ಒಮ್ಮೆ ಮೊಣಕಾಲು ಊದಿಸಿಕೊಂಡು ಬಂದರು. ಅಂಗಡಿಯ ಹಮಾಲನನ್ನು ಮೊಣಕಾಲ ಮೇಲೆ ಕೂಡಿಸಿಕೊಂಡಿದ್ದರಂತೆ, ಒತ್ತುವುದು ರೂಢಿಯಾಗಲಿ ಎಂದು. ಚೆನ್ನಾಗಿ ಬೈದೆ.

ಮುಂದೆ ನಿಧಾನಕ್ಕೆ ಬಂದರು. ಕುರ್ಚಿಯಿಂದ ಸ್ಟೂಲಿಗೆ, ಸ್ಟೂಲಿನಿಂದ ಮಣೆಗೆ ಇಳಿದರು. ಮಳೆಗಾಲ ಮುಗಿಯುವ ಹೊತ್ತಿಗೆ ದಿಂಬಿನ ಆಸರೆಯಲ್ಲಿ ನೆಲದ ಮೇಲೆ ಸಡಿಲವಾಗಿ ಕಾಲು ಮಡಚಿ ಕೂತರು. ಮನೆಗೆ ಹೋಗಿ ಹೆಂಡತಿಯ ಪಕ್ಕ ಕೂತು ಊಟ ಮಾಡಿದರಂತೆ, ಎಷ್ಟೋ ವರ್ಷಗಳ ಮೇಲೆ.

ಚಳಿಗಾಲದಲ್ಲಿ, ನಾನು ಕಮಲಾಪುರಕ್ಕೆ ಹೋದ ದಿನವೇ, ಅವರು ಬೆಳಗಿನ ಜಾವ ನಿದ್ದೆಯಲ್ಲೇ ಹೋದರೆಂದು ಗೊತ್ತಾಯಿತು. ಮನೆಗೆ ಹೋದೆ. ವಿಭೂತಿ ಬಳಿದು, ಹಾರ ಹಾಕಿ, ಗೋಡೆಗೆ ಆನಿಸಿ ಕೂಡಿಸಿದ್ದರು. ಕಾಲು ತಾವಾಗಿಯೇ ಮಡಚಿದಂತೆ ಇದ್ದವು. ಯಾರೂ ಒತ್ತಬೇಕಾಗಲಿಲ್ಲ ಎಂದು ಮಗ ಹೇಳಿದ.

ಅವರ ಹೆಂಡತಿ ನನ್ನ ಕೈ ಹಿಡಿದುಕೊಂಡರು. "ನನ್ನ ಜೋಡಿ ಕುಂತು ಉಣ್ಣಬೇಕಂತ ಈ ವಯಸ್ಸಿನ್ಯಾಗ ಅಷ್ಟು ತ್ರಾಸ ತಗೊಂಡ್ರು," ಅಂದರು. ನಾನು ಹೌದೆಂದು ತಲೆಯಾಡಿಸಿದೆ.

ಹೊರಗೆ ಅಂಗಳದಲ್ಲಿ ಅವರ ವಾರಿಗೆಯ ಹಿರಿಯರು ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಸಾಲಾಗಿ ಕೂತಿದ್ದರು. ಎಲ್ಲರ ಕೈಯೂ ಅವರವರ ಮೊಣಕಾಲ ಮೇಲಿತ್ತು. ಒಬ್ಬರು ನನ್ನನ್ನು ಹತ್ತಿರ ಕರೆದು ದನಿ ತಗ್ಗಿಸಿದರು. "ಭಾಳ ಚಂದ ಕುಂತಾನ್ರಿ ನಮ್ಮ ದೋಸ್ತ. ನಮಗೂ ಇಬ್ಬರಿಗೆ ಕಲಸ್ತೀರೇನು?"

ಮಂಗಳವಾರ ಬರ್ರಿ ಎಂದೆ.

ಪಕ್ಕದಲ್ಲಿ ಕೂತವರು ಕೆಮ್ಮಿ, ಸುಧಾರಿಸಿಕೊಂಡು, ನನ್ನನ್ನು ಕೇಳಿದ ಗೆಳೆಯನ ಕಡೆ ಬೊಟ್ಟು ಮಾಡಿದರು.

"ಮೊದಲ ಇವನಿಗೆ ಕಲಸ್ರಿ ಮೇಡಂ. ನನಗ ಇನ್ನಾ ಜರಾ ಟೈಮ್ ಅದ."